ಬಳೆಗಾರ ಹಿಡಿಯದ ಕೈ

ಬಾಳೇಶ ಬಳೆಯ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ.

“ಹಾಕ್ಕೋರಿ ಟೀಚರ್,” ಎಂದ.

ಲತಾ ಡಬ್ಬಿಯನ್ನು ನೋಡಿದಳು. ಆಮೇಲೆ ಅವನ ಕೈಗಳನ್ನು ನೋಡಿದಳು. ಐದು ನಿಮಿಷದ ಕೆಳಗೆ ಅದೇ ಕೈಗಳು ಕಲಾವತಿಯ ದಪ್ಪ ಮುಂಗೈ ಹಿಡಿದು, ಬೆರಳುಗಳ ಬುಡವನ್ನು ಮೆಲ್ಲಗೆ ಒತ್ತಿ, ಒಂದಕ್ಕೂ ಬಿರುಕು ಬಾರದಂತೆ ಡಜನ್ ಗಾಜಿನ ಬಳೆ ಏರಿಸಿದ್ದವು. “ಕೈ ಸಡಿಲ ಬಿಡ್ರಿ ಅಕ್ಕಾರ, ಮಾತಾಡ್ಕೋತ ಇರ್ರಿ, ತಾವಾಗೇ ಹೋಗ್ತಾವ,” ಎಂದು ಅವಳನ್ನು ನಗಿಸಿಯೂ ಇದ್ದ. ನಾಟಕದಲ್ಲಿದ್ದ ಇನ್ನು ಮೂವರಿಗೂ ಅವನೇ ತೊಡಿಸಿದ. ಲತಾಳ ಸರದಿ ಬಂದಾಗ ಮಾತ್ರ ಡಬ್ಬಿ ಬೆಂಚಿನ ಮೇಲೆ.

ಲತಾಳಿಗೆ ಸಿಟ್ಟು ಬಂದರೆ ಮೊದಲು ಕಿವಿ ಬಿಸಿಯಾಗುತ್ತದೆ. ಈಗ ಎರಡೂ ಕಿವಿ ಬಿಸಿಯಾದವು. ಡಬ್ಬಿ ತೆರೆದು ಹಸಿರು ಬಳೆಗಳನ್ನು ಒಂದೊಂದಾಗಿ ತಾನೇ ಏರಿಸಿಕೊಂಡಳು. ಆರು ವರ್ಷದ ಮೇಲೆ ಗಾಜಿನ ಬಳೆ. ಕೈಗೆ ಅಭ್ಯಾಸ ತಪ್ಪಿತ್ತು, ಹೆಬ್ಬೆರಳ ಬುಡದಲ್ಲಿ ನೋಯಿತು. ತಲೆ ಎತ್ತಿದಾಗ ಬಾಳೇಶ ಅವಳ ಕೈಯನ್ನೇ ನೋಡುತ್ತಿದ್ದ. ಕಣ್ಣು ಕೂಡಿದ ಕೂಡಲೇ ಪರದೆಯ ಹಗ್ಗ ಸರಿಮಾಡುವವನಂತೆ ಆ ಕಡೆ ತಿರುಗಿದ. ಅಲ್ಲಿ ಹಗ್ಗವೇ ಇರಲಿಲ್ಲ.

ಇವನೂ ಅಷ್ಟೇನಾ, ಅಂದುಕೊಂಡಳು.

ಬಸವೇಶ್ವರನಗರದ ಒಂದು ಕಾಂಡಿಮೆಂಟ್ಸ್ ಅಂಗಡಿಯ ಮೇಲಿನ ಮಹಡಿ ಅದು, ಪಂಚಾಕ್ಷರಿ ಮೇಷ್ಟ್ರ ಹಿಂದಿ ಕ್ಲಾಸು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರನ್ನು ಮದುವೆ ಗೊತ್ತಾಗುವ ತನಕ ಸುಮ್ಮನೆ ಮನೆಯಲ್ಲಿ ಕೂರಿಸುವುದೇಕೆ ಎಂದು ಹಿಂದಿ ಪರೀಕ್ಷೆಗೆ ಕಟ್ಟಿಸುತ್ತಿದ್ದ ಕಾಲದಿಂದ ನಡೆದುಬಂದದ್ದು. ಕುರುಬರಹಳ್ಳಿಯ ಲತಾಳೂ ಹಾಗೆಯೇ ಸೇರಿದವಳು. ಅರ್ಧದಲ್ಲಿ ಮದುವೆಯಾಯಿತು, ಹೋದಳು. ಇಪ್ಪತ್ತೆಂಟಕ್ಕೆ ಗಂಡ ತೀರಿಕೊಂಡ, ವಾಪಸ್ ಬಂದಳು, ಉಳಿದ ಪರೀಕ್ಷೆಗಳನ್ನೆಲ್ಲ ಒಂದೇ ಉಸಿರಿಗೆ ಮುಗಿಸಿದಳು. ಈಗ ಸ್ಕೂಲೊಂದರಲ್ಲಿ ಹಿಂದಿ ಟೀಚರ್. ಸಂಜೆ ಮೇಷ್ಟ್ರ ಮೊದಲ ಪರೀಕ್ಷೆಯ ಬ್ಯಾಚಿಗೆ ಪಾಠ ಹೇಳುವವಳೂ ಅವಳೇ.

ಆ ಬ್ಯಾಚಿನ ಹಿಂದಿನ ಬೆಂಚಿನವನು ಬಾಳೇಶ. ಜಮಖಂಡಿ ಕಡೆಯವನು, ಸುಂಕದಕಟ್ಟೆಯಲ್ಲಿ ಬಳೆ ಅಂಗಡಿ. ಉತ್ತರದಿಂದ ಬಳೆ ಕಳಿಸುವ ಸೇಟುಗಳ ಜತೆ ಫೋನಿನಲ್ಲಿ ಗಂಟೆಗಟ್ಟಲೆ ಹಿಂದಿ ಮಾತಾಡಬಲ್ಲ, ಪಾರ್ಸಲ್ಲಿನ ಮೇಲೆ ಬರೆದದ್ದನ್ನು ಓದಲಾರ. ಅದಕ್ಕೇ ಮೂವತ್ತೇಳನೆಯ ವಯಸ್ಸಿಗೆ ಅಕ್ಷರ ತಿದ್ದಲು ಬಂದಿದ್ದ. ಇಬ್ಬರು ತಂಗಿಯರ ಮದುವೆ ಮಾಡುವುದರಲ್ಲಿ ತನ್ನ ಮದುವೆ ಮರೆತೇಹೋಯಿತು ಎಂದು ನಗುತ್ತ ಹೇಳುತ್ತಿದ್ದ. ಬೋರ್ಡಿನ ಮೇಲೆ ಬರೆಯುವಾಗ ಅವನ ಕಣ್ಣು ತನ್ನ ಬೆನ್ನ ಮೇಲಿರುವುದು ಲತಾಳಿಗೆ ಗೊತ್ತಾಗುತ್ತಿತ್ತು. ಗೊತ್ತಾಗಿಯೂ ಅಕ್ಷರವನ್ನು ಸ್ವಲ್ಪ ದುಂಡಗೆ ಬರೆಯುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಕ್ಲಾಸಿಗೆ ಈ ವರ್ಷ ರಜತ ಮಹೋತ್ಸವ. ಮೇಷ್ಟ್ರು ಸ್ವತಃ ಹಿಂದಿ ನಾಟಕ ಬರೆದಿದ್ದರು. ‘ಕಬ್ ತಕ್ ಸಹೇಗೀ ನಾರೀ’, ಎಲ್ಲಿಯವರೆಗೆ ಸಹಿಸಬೇಕು ಹೆಣ್ಣು ಎಂದು. ಅದರಲ್ಲಿ ವರದಕ್ಷಿಣೆ ಇತ್ತು, ಹೆಣ್ಣು ಭ್ರೂಣವಿತ್ತು, ಆಫೀಸಿನ ಕಾಟವಿತ್ತು. ಕೊನೆಗೆ ವಿಧವೆಯ ದೃಶ್ಯ. ಅತ್ತೆ ಬಂದು ಕುಂಕುಮ ಅಳಿಸುತ್ತಾಳೆ, ಬಳೆ ಒಡೆಯುತ್ತಾಳೆ, ಸೊಸೆ ಸಭಿಕರ ಕಡೆ ತಿರುಗಿ ಎರಡೂವರೆ ಪುಟ ಮಾತಾಡುತ್ತಾಳೆ. ನಾಟಕದಲ್ಲಿ ಜೀವ ಇದ್ದದ್ದು ಆ ಎರಡೂವರೆ ಪುಟದಲ್ಲಿ ಮಾತ್ರ.

“ಈ ಪಾತ್ರಕ್ಕೆ ನಿನ್ನ ಉಚ್ಚಾರಣೆಯೇ ಬೇಕಮ್ಮ ಲತಾ,” ಎಂದಿದ್ದರು ಮೇಷ್ಟ್ರು.

ಲತಾ ಅದನ್ನು ನಂಬಿದಳು. ಪಾತ್ರೆ ತೊಳೆಯುವಾಗ, ಸ್ಕೂಟಿ ಓಡಿಸುವಾಗ, ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಿಂತಾಗ ಆ ಮಾತುಗಳನ್ನು ಬಾಯಿಪಾಠ ಮಾಡಿದಳು. ಬಳೆ ಒಡೆಯುವುದು ಆಟದ ದಿನ ಮಾತ್ರ, ಪ್ರಾಕ್ಟೀಸಿನಲ್ಲಿ ತೊಟ್ಟು ತೆಗೆದಿಟ್ಟರೆ ಸಾಕು ಎಂದು ಗೊತ್ತಾಗಿತ್ತು. ಆ ದಿನ ಡಬ್ಬಿಯ ಸಿಟ್ಟಿನಲ್ಲಿ ತೆಗೆಯುವುದನ್ನೇ ಮರೆತು ಮನೆಗೆ ಬಂದುಬಿಟ್ಟಳು.

ಅಡುಗೆಮನೆಯಲ್ಲಿದ್ದ ಅಮ್ಮ ಲಕ್ಷ್ಮಿದೇವಮ್ಮ ಸೌಟು ಹಿಡಿದೇ ಹೊರಗೆ ಬಂದರು. ಮಗಳ ಕೈ ನೋಡಿ ಅಲ್ಲೇ ನಿಂತರು.

“ನಾಟಕದ್ದು ಕಣಮ್ಮ, ಮರೆತು ಬಂದೆ. ತೆಗೀತೀನಿ.”

“ಯಾರು ತೆಗಿ ಅಂದ್ರು?” ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು. “ನಿನಗೆ ಮೂರು ತಿಂಗಳಿದ್ದಾಗ ಮೊದಲು ತೊಡಿಸಿದ್ದೆ. ಕಪ್ಪು ಬಳೆ. ಸದ್ದು ಕೇಳಿದ್ರೆ ನಗ್ತಿದ್ದೆ. ಹಾಕ್ಕೊಂಡಿರು ಸ್ವಲ್ಪ ಹೊತ್ತು.”

ಲತಾ ಬಳೆ ಹಾಕಿಕೊಂಡೇ ಊಟ ಮಾಡಿದಳು.

ಮಾರನೆಯ ವಾರ ಪ್ರಾಕ್ಟೀಸಿನ ನಡುವೆ ಟೀ ಬಂತು. ಟೀ ಮಾಡಿದ್ದು ಹೆಂಗಸರು, ಲೋಟ ತೊಳೆಯುವುದೂ ಹೆಂಗಸರು. ಹೆಣ್ಣಿನ ಶೋಷಣೆಯ ಬಗ್ಗೆ ಮೇಷ್ಟ್ರು ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದರು. ಕಲಾವತಿ ಬಜ್ಜಿಯ ತಟ್ಟೆ ಹಿಡಿದು ಲತಾಳ ಪಕ್ಕ ಬಂದು ಕೂತಳು. ನಾಟಕದಲ್ಲಿ ಅತ್ತೆ ಅವಳೇ. ಒಳ್ಳೆಯ ಹೆಂಗಸು. ಒಳ್ಳೆಯವರ ಬಾಯಿಂದ ಬರುವ ಮಾತೇ ಹೆಚ್ಚು ಚುಚ್ಚುತ್ತದೆ.

“ನೀನು ಒಪ್ಕೊಂಡಿದ್ದು ಒಳ್ಳೇದಾಯ್ತು ಕಣೇ,” ಎಂದಳು. “ಮೇಷ್ಟ್ರು ಮೊದಲು ನನ್ನ ಕೇಳಿದ್ರು. ಆಮೇಲೆ ಅವರಿಬ್ಬರನ್ನೂ ಕೇಳಿದ್ರು. ಮುತ್ತೈದೆಯರು ಸ್ಟೇಜ್ ಮೇಲೆ ಕುಂಕುಮ ಅಳಿಸ್ಕೊಳ್ಳೋದಾ? ನಮ್ಮ ಮನೆಯವರು ಸುಮ್ಮನಿರ್ತಾರಾ? ಚಿಕ್ಕ ಹುಡುಗಿ ತಾಯೀನೂ ಬೇಡ ಅಂದ್ಬಿಟ್ರು, ಮದುವೆ ಆಗ್ಬೇಕಾದ ಮಗು ಅಂತ. ನಿನಗಾದ್ರೆ ಏನೂ ದೋಷ ಇಲ್ವಲ್ಲ. ಇನ್ನೇನು ಆಗೋದಿದೆ? ಬಜ್ಜಿ ತಗೋ, ಆರಿಹೋಗುತ್ತೆ.”

ಲತಾ ಬಜ್ಜಿ ತೆಗೆದುಕೊಳ್ಳಲಿಲ್ಲ. ಎದ್ದು ಮೇಷ್ಟ್ರ ಕುರ್ಚಿಯ ಮುಂದೆ ಹೋಗಿ ನಿಂತಳು.

“ಸಾರ್, ನನ್ನ ಉಚ್ಚಾರಣೆ ನೋಡಿ ಪಾತ್ರ ಕೊಟ್ರಾ, ಗಂಡ ಸತ್ತಿದ್ದು ನೋಡಿ ಕೊಟ್ರಾ?”

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ಹಾಗಲ್ಲಮ್ಮ. ಅನುಭವ ಇದ್ದವರು ಮಾಡಿದ್ರೆ ಭಾವ ಚೆನ್ನಾಗಿ ಬರುತ್ತೆ. ಅದೂ ಅಲ್ದೆ ಎಲ್ಲರ ಮನೇಲೂ ಶಾಸ್ತ್ರ ಸಂಪ್ರದಾಯ ಅಂತ ಇರುತ್ತೆ, ನಾವು ಗೌರವ ಕೊಡಬೇಕು. ಈಗ ಕಾರ್ಡ್ ಬೇರೆ ಪ್ರಿಂಟಾಗಿದೆ.”

ಕಾರ್ಡು ನೋಡಿದಳು. ಪಾತ್ರವರ್ಗದಲ್ಲಿ ಶ್ರೀಮತಿ ಕಲಾವತಿ, ಶ್ರೀಮತಿ ಅವರು, ಶ್ರೀಮತಿ ಇವರು, ಕುಮಾರಿ ಮತ್ತೊಬ್ಬಳು. ಕೊನೆಗೆ ಬರೀ ಲತಾ. ಮುಂದೆಯೂ ಏನಿಲ್ಲ, ಹಿಂದೆಯೂ ಏನಿಲ್ಲ. ಎಲ್ಲಿಯವರೆಗೆ ಸಹಿಸಬೇಕು ಹೆಣ್ಣು ಎಂದು ಅದೇ ಕಾರ್ಡಿನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಕೇಳಿದ್ದರು.

ಬಾಗಿಲ ಬಳಿ ಬಾಳೇಶ ಬಳೆ ಡಬ್ಬಿ ಹಿಡಿದು ನಿಂತಿದ್ದ. ಅವನ ಮುಖ ಕಪ್ಪಿಟ್ಟಿತ್ತು. “ಟೀಚರ್,” ಎಂದು ಏನೋ ಹೇಳಹೋದ. ಲತಾ ಅವನ ಪಕ್ಕದಿಂದಲೇ ಮೆಟ್ಟಿಲಿಳಿದು ಹೋದಳು.

“ಬಿಟ್ಬಿಡು ಆ ನಾಟಕಾನ,” ಎಂದರು ಅಮ್ಮ, ಮನೆಯಲ್ಲಿ ಎಲ್ಲ ಕೇಳಿದ ಮೇಲೆ.

“ಯಾಕೆ ಬಿಡಬೇಕು? ಆ ಎರಡೂವರೆ ಪುಟ ನನ್ನದು. ಆ ಗುಂಪಲ್ಲಿ ಅದನ್ನ ಹೇಳೋಕೆ ಬರೋದು ನನಗೊಬ್ಬಳಿಗೇ. ಬಿಟ್ರೆ ಪಾಪ, ತಡ್ಕೊಳ್ಳೋಕೆ ಆಗಲಿಲ್ಲ ಅಂತಾರೆ. ಮಾತು ಹೇಳ್ತೀನಿ. ಬಳೆ ಮಾತ್ರ ಒಡೆಯೋಕೆ ಬಿಡಲ್ಲ.”

“ಹೆಂಗೆ?”

ಹೇಗೆಂದು ಲತಾಳಿಗೂ ಹೊಳೆದಿರಲಿಲ್ಲ. ಹೊಳೆದದ್ದು ಮಾರನೆಯ ದಿನ, ಸ್ಕೂಲಿನಲ್ಲಿ ಹೆಣ್ಣುಮಗುವೊಂದು ಬೆಂಚಿಗೆ ಕೈ ಬಡಿದಾಗ. ಬಳೆಗೆ ಏನೂ ಆಗಲಿಲ್ಲ. ಮೆಟಲ್ ಬಳೆ.

ಶನಿವಾರ ಮಧ್ಯಾಹ್ನ ಸ್ಕೂಟಿ ಮಾಗಡಿ ರೋಡು ಹಿಡಿಯಿತು. ಬೇರೆ ಎಲ್ಲಿಯಾದರೂ ಹೋಗಬಹುದಿತ್ತು, ವಿಜಯನಗರದಲ್ಲಿ ಬಳೆ ಅಂಗಡಿಗೇನು ಬರವೇ. ಆದರೆ ಅವಳಿಗೆ ಬಳೆಯಷ್ಟೇ ಬೇಕಿರಲಿಲ್ಲ, ಜಗಳವೂ ಬೇಕಿತ್ತು. ಮೇಷ್ಟ್ರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಬಾಳೇಶನ ಮೇಲೆ ಯಾಕೆ ಬರುತ್ತಿದೆ ಎಂದು ದಾರಿಯುದ್ದಕ್ಕೂ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಮೇಷ್ಟ್ರ ಕೈ ತನ್ನ ಕೈ ಹಿಡಿಯಲಿ ಎಂದು ಅವಳು ಯಾವತ್ತೂ ಬಯಸಿರಲಿಲ್ಲ.

ಅಂಗಡಿ ಮೂರಾಳು ನಿಂತರೆ ತುಂಬುವಷ್ಟು. ಬಾಳೇಶ ಗಾರ್ಮೆಂಟ್ಸಿನ ಹುಡುಗಿಯೊಬ್ಬಳ ಕೈ ಹಿಡಿದು ಕೂತಿದ್ದ. “ಸಡಿಲ ಬಿಡು ತಂಗಿ, ಹೆದರಬ್ಯಾಡ.” ಅವನ ಬೆರಳು ಒತ್ತಿದ ಕಡೆಯೆಲ್ಲ ಆ ಕೈ ಮೆತ್ತಗಾಗುತ್ತ ಹೋಯಿತು, ಬಳೆ ಸರಕ್ಕನೆ ಮಣಿಕಟ್ಟಿಗೆ ಇಳಿಯಿತು. ಲತಾ ನೋಡುತ್ತ ನಿಂತಳು. ತನ್ನ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಅವನು ತಲೆ ಎತ್ತಿದವನೇ ಎದ್ದುನಿಂತ. “ಟೀಚರ್! ನೀವು?”

“ಯಾಕೆ, ಬರಬಾರದಿತ್ತಾ? ಬೋಣಿ ಆಗಿಲ್ವಾ ಇನ್ನೂ?”

ಬಾಳೇಶನ ಮುಖ ಸಪ್ಪಗಾಯಿತು. “ಹಂಗ್ಯಾಕ ಅಂತೀರಿ.”

“ಮತ್ತೆ ಹೆಂಗೆ ಅನ್ನಲಿ? ಊರೋರ ಕೈಯೆಲ್ಲ ಹಿಡಿದು ತೊಡಿಸ್ತೀರಿ. ನನಗೆ ಬಂದಾಗ ಡಬ್ಬಿ ಬೆಂಚಿನ ಮೇಲೆ. ಕಲಾವತಿ ಬಾಯಿಬಿಟ್ಟು ಹೇಳಿದ್ರು, ನೀವು ಬಾಯಿಮುಚ್ಕೊಂಡು ಹೇಳಿದ್ರಿ. ಅಷ್ಟೇ ವ್ಯತ್ಯಾಸ.”

“ಅಲ್ರಿ! ಅದಕ್ಕ ಬ್ಯಾರೆ ಕಾರಣ ಐತಿ.”

“ಏನದು?”

ಬಾಳೇಶ ಗಾರ್ಮೆಂಟ್ಸಿನ ಹುಡುಗಿಯನ್ನು ನೋಡಿದ. ಅವಳ ಹಿಂದೆ ಕ್ಲಿಪ್ಪು ಕೇಳಿಕೊಂಡು ಬಂದ ಇಬ್ಬರು ಆಂಟಿಯರನ್ನು ನೋಡಿದ. ಮೂವರೂ ಬಂದ ಕೆಲಸ ಮರೆತು ಇವರನ್ನೇ ನೋಡುತ್ತಿದ್ದರು. “ಇಲ್ಲಿ ನಿಂತು ಹೇಳೂ ಮಾತಲ್ರಿ ಅದು,” ಎಂದ.

“ಹೇಳೋಕೆ ಆಗದ ಕಾರಣ ಎಲ್ಲರ ಹತ್ರಾನೂ ಇರುತ್ತೆ ಬಿಡಿ.” ಲತಾ ಪರ್ಸನ್ನು ಗಾಜಿನ ಕಟ್ಟೆಯ ಮೇಲಿಟ್ಟಳು. “ನನಗೆ ಒಡೆಯದ ಬಳೆ ಬೇಕು. ಹಸಿರು. ದೂರದಿಂದ ಗಾಜಿನ ಥರ ಕಾಣಬೇಕು. ಕಲ್ಲಲ್ಲಿ ಕುಟ್ಟಿದ್ರೂ ಏನೂ ಆಗಬಾರದು.”

ಅವನು ಅವಳ ಮುಖವನ್ನೇ ನೋಡಿದ. ನಿಧಾನವಾಗಿ ಅರ್ಥವಾಯಿತು. ಮೊದಲು ಕಣ್ಣು ನಕ್ಕಿತು, ಆಮೇಲೆ ಮೀಸೆ. ಏಣಿ ಹತ್ತಿ ಮೇಲಿನ ಅಟ್ಟಣೆಯಿಂದ ಒಂದು ಕಟ್ಟು ಇಳಿಸಿ, ಬಿಚ್ಚಿ, ಒಂದು ಬಳೆಯನ್ನು ಕಲ್ಲಿನ ಹೊಸ್ತಿಲಿಗೆ ಟಣ್ ಎಂದು ಬಡಿದು ತೋರಿಸಿದ. “ಆನಿ ತುಳಿದ್ರೂ ಏನೂ ಆಗಂಗಿಲ್ರಿ. ಎರಡು ನಾಲ್ಕು ಸೈಜು.”

“ನನ್ನ ಸೈಜು ನಿಮಗೆ ಹೆಂಗೆ ಗೊತ್ತು?”

“ಬೋರ್ಡ್ ಮ್ಯಾಲೆ ಬರೀತೀರಲ್ರಿ. ವರ್ಷದಿಂದ ಕೈನ ನೋಡಾಕತ್ತೀನಿ. ಅದಕ್ಕ ಎರಡು ಸಲ ಫೇಲಾದೆ.”

ಒಂದು ಕ್ಷಣ ಲತಾಳ ಸಿಟ್ಟೆಲ್ಲ ಎಲ್ಲಿಗೋ ಹೋಯಿತು. ಅಂಗಡಿಯ ಬಣ್ಣಗಳೆಲ್ಲ ಕಣ್ಣಿಗೆ ಬಿದ್ದವು. ಅಷ್ಟರಲ್ಲಿ ಅವನು ಬಳೆಯ ಕಟ್ಟನ್ನು ಪೇಪರಿನಲ್ಲಿ ಸುತ್ತಿ, ಕಟ್ಟೆಯ ಮೇಲಿಟ್ಟು, ಅವಳ ಕಡೆಗೆ ಒಂದು ಬೆರಳಿನಿಂದ ಸರಿಸಿದ. ಕೈಗೆ ಕೊಡಲಿಲ್ಲ.

ನೋಡೋದಕ್ಕೆ ಆಗುತ್ತೆ, ಮುಟ್ಟೋದಕ್ಕೆ ಆಗಲ್ಲ. ಎರಡು ಕಿವಿಯೂ ಮತ್ತೆ ಬಿಸಿಯಾದವು. ದುಡ್ಡು ಕಟ್ಟೆಯ ಮೇಲಿಟ್ಟು, ಕಟ್ಟನ್ನೂ ಪರ್ಸನ್ನೂ ಎತ್ತಿಕೊಂಡು, ಹೋಗಿಬರ್ತೀನಿ ಎಂದೂ ಹೇಳದೆ ಹೊರಟಳು.

ಭಾನುವಾರ ಮೂರು ಗಂಟೆಗೆ ರಾಜಾಜಿನಗರದ ಸಂಘವೊಂದರ ಹಾಲಿನಲ್ಲಿ ರಜತ ಮಹೋತ್ಸವ ಶುರುವಾಯಿತು. ದೀಪ ಬೆಳಗಲು ಐವರು ಮುತ್ತೈದೆಯರನ್ನು ಮೈಕಿನಲ್ಲಿ ಹೆಸರು ಹಿಡಿದು ಕರೆದರು. ಆರು ಜನ ಗಂಡಸರಿಗೆ ಪೇಟ, ಶಾಲು, ಹಾರ. ಮುಖ್ಯ ಅತಿಥಿಗಳು ಹೆಣ್ಣು ದೇವತೆ ಎಂಬ ವಿಷಯವಾಗಿ ನಲವತ್ತು ನಿಮಿಷ ಮಾತಾಡಿದರು. ಆ ದೇವತೆಯರೆಲ್ಲ ಸೈಡ್ ವಿಂಗಿನಲ್ಲಿ ಮೇಕಪ್ ಕರಗಿಸಿಕೊಂಡು ಕಾಯುತ್ತಿದ್ದರು. ಮಾತು ಮುಗಿಸಿ ಅತಿಥಿಗಳು ನಾಟಕ ನೋಡದೆ ಹೊರಟುಹೋದರು, ಬೇರೆ ಕಾರ್ಯಕ್ರಮವಿತ್ತಂತೆ.

ವಿಧವೆಯ ದೃಶ್ಯ ಬಂತು. ಮೇಷ್ಟ್ರು ವಿಂಗಿನಲ್ಲಿ ಸ್ಕ್ರಿಪ್ಟ್ ಹಿಡಿದು ಪ್ರಾಂಪ್ಟ್ ಮಾಡಲು ನಿಂತರು. ಎದುರು ವಿಂಗಿನಲ್ಲಿ ಬಾಳೇಶ ಪರದೆಯ ಹಗ್ಗ ಹಿಡಿದಿದ್ದ. ಈ ಸಲ ಹಗ್ಗ ನಿಜವಾಗಿಯೂ ಇತ್ತು.

ಕಲಾವತಿ ಲತಾಳನ್ನು ಎಳೆದುಕೊಂಡು ಬಂದು ಮಣೆಯ ಮುಂದೆ ಕೂರಿಸಿದಳು. ಮಣೆಯ ಮೇಲೆ ಗುಂಡುಕಲ್ಲು. ಲತಾಳ ಕೈ ಹಿಡಿದು ಕಲ್ಲಿಗೆ ಬಡಿದಳು.

ಟಣ್ ಎಂದಿತು.

ಕಲಾವತಿ ಇನ್ನೊಮ್ಮೆ ಬಡಿದಳು. ಟಣ್. ಕಲ್ಲನ್ನೇ ಎತ್ತಿ ಬಳೆಯ ಮೇಲೆ ಕುಟ್ಟಿದಳು. ಬಳೆ ಹಾಗೇ ಇತ್ತು, ಮಣೆಯ ಮೂಲೆ ಕಿತ್ತುಬಂತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ತೋಡೋ, ತೋಡೋ,” ಒಡಿ ಒಡಿ ಎಂದು ವಿಂಗಿನಿಂದ ಮೇಷ್ಟ್ರು ಪಿಸುಗುಟ್ಟಿದ್ದು ಮೂರನೆಯ ಸಾಲಿಗೂ ಕೇಳಿತು. ಕಲಾವತಿಯ ಹಣೆಯಲ್ಲಿ ಬೆವರೊಡೆಯಿತು.

ಲತಾ ತನ್ನ ಕೈಯನ್ನು ಬಿಡಿಸಿಕೊಂಡು ಎದ್ದುನಿಂತಳು. ಎರಡೂವರೆ ಪುಟದಲ್ಲಿ ಇಲ್ಲದ ಒಂದು ಮಾತನ್ನು ಮೊದಲು ಹೇಳಿದಳು.

“ನಹೀಂ ಟೂಟೇಂಗೀ, ಸಾಸೂಮಾ. ಯೇ ಪತಿ ನೇ ನಹೀಂ ದೀ ಥೀಂ. ಮೇರೀ ಮಾಂ ನೇ ಪಹನಾಈ ಥೀಂ, ಜಬ್ ಮೈಂ ತೀನ್ ಮಹೀನೇ ಕೀ ಥೀ.”

ಒಡೆಯುವುದಿಲ್ಲ ಅತ್ತೆ, ಇವು ಗಂಡ ಕೊಟ್ಟದ್ದಲ್ಲ, ನಾನು ಮೂರು ತಿಂಗಳ ಕೂಸಾಗಿದ್ದಾಗ ನನ್ನಮ್ಮ ತೊಡಿಸಿದ್ದು. ಹಾಲಿನಲ್ಲಿ ಅರ್ಧಕ್ಕರ್ಧ ಜನಕ್ಕೆ ಹಿಂದಿ ಅಷ್ಟಕ್ಕಷ್ಟೆ. ಆದರೂ ಇದು ಅರ್ಥವಾಯಿತು. ನಗು ನಿಂತಿತು. ಎರಡನೆಯ ಸಾಲಿನಲ್ಲಿ ಲಕ್ಷ್ಮಿದೇವಮ್ಮ ಸೆರಗನ್ನು ಬಾಯಿಗಿಟ್ಟುಕೊಂಡರು.

ಕಲಾವತಿ ಕಲ್ಲು ಹಿಡಿದೇ ನಿಂತಿದ್ದಳು. ಅವಳಿಗೆ ಮುಂದೆ ಯಾವ ಡೈಲಾಗೂ ಇರಲಿಲ್ಲ. ಲತಾಳ ಮುಖ ನೋಡಿದಳು, ಬಜ್ಜಿಯ ದಿನ ತಾನು ಆಡಿದ್ದು ಈಗ ನೆನಪಾದವಳಂತೆ ಕಣ್ಣು ತುಂಬಿಕೊಂಡಳು. ಕಲ್ಲನ್ನು ಮೆಲ್ಲಗೆ ಮಣೆಯ ಮೇಲಿಟ್ಟು, “ಇರಲಿ ಬಿಡಮ್ಮ, ಹಾಕ್ಕೋ,” ಎಂದು ಅಚ್ಚ ಕನ್ನಡದಲ್ಲಿ ಹೇಳಿಬಿಟ್ಟಳು.

ಆ ಸಂಜೆ ಬಿದ್ದ ಚಪ್ಪಾಳೆಯಲ್ಲಿ ಅತಿ ದೊಡ್ಡದು ಆ ಮಾತಿಗೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಲತಾ ಎರಡೂವರೆ ಪುಟವನ್ನು ಒಂದಕ್ಷರ ತಪ್ಪದೆ ಹೇಳಿದಳು. ಕೈ ಎತ್ತಿದಾಗಲೆಲ್ಲ ಬಳೆ ಸದ್ದು ಮಾಡಿತು.

ಪರದೆ ಬಿದ್ದಮೇಲೆ ಮೇಷ್ಟ್ರು ಗ್ರೀನ್ ರೂಮಿಗೆ ಬಂದು ಸಿಟ್ಟಿನಿಂದ ಸ್ಕ್ರಿಪ್ಟನ್ನು ಮೇಜಿಗೆ ಬಡಿದರು. “ಹಿಂದಿ ನಾಟಕದಲ್ಲಿ ಕನ್ನಡ!” ಎಂದರು. ಅವರಿಗೆ ಕಂಡ ತಪ್ಪು ಅದೊಂದೇ.

“ಮುಂದಿನ ಸಲ ಕಾರ್ಡಲ್ಲಿ ನನ್ನ ಹೆಸರಿನ ಹಿಂದೆ ಟೀಚರ್ ಅಂತ ಹಾಕ್ಸಿ ಸಾರ್,” ಎಂದಳು ಲತಾ. “ನಿಮ್ಮ ಮೊದಲ ಬ್ಯಾಚಿಗೆ ಪಾಠ ಹೇಳೋದು ನಾನು.”

ಹಾಲಿನ ಪಕ್ಕದ ಮೆಟ್ಟಿಲ ಮೇಲೆ ಸಂಜೆ ಬಿಸಿಲು ಇನ್ನೂ ಇತ್ತು. ಬಾಳೇಶ ಅಲ್ಲಿ ಕೂತು ಮಣೆ, ಕಲ್ಲು, ಬಳೆ ಡಬ್ಬಿಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ. ಲತಾ ಬಂದು ಮೇಲಿನ ಮೆಟ್ಟಿಲಲ್ಲಿ ನಿಂತಳು.

“ಇಲ್ಲಿ ಗಿರಾಕಿ ಯಾರೂ ಇಲ್ಲ. ಈಗ ಹೇಳಿ ಕಾರಣ.”

ಅವನು ಚೀಲದ ಬಾಯಿಯನ್ನು ಬೇಕಾದ್ದಕ್ಕಿಂತ ಎರಡು ಗಂಟು ಹೆಚ್ಚು ಹಾಕಿದ. “ನಗಬಾರದು.”

“ನಗೋ ಮೂಡಲ್ಲಿ ಇಲ್ಲ ನಾನು.”

“ನಮ್ಮ ಮನ್ಯಾಗ ಅಜ್ಜನ ಕಾಲದಿಂದ ಒಂದು ಪದ್ಧತಿ ಐತ್ರಿ. ಬಳಿಗಾರ ಅಂದ್ರ ತವರಮನಿಯಾಂವ. ಯಾರ ಕೈ ಹಿಡಿದು ಬಳಿ ತೊಡಿಸ್ತೀವೋ ಆಕಿ ಅವತ್ತಿಂದ ಅಕ್ಕ, ಇಲ್ಲಾ ತಂಗಿ. ಹಂಗಂತ ಆಣಿ ಮಾಡಿಸಿದ ಮ್ಯಾಲೇನ ಅಜ್ಜ ನಮಗ ಅಂಗಡ್ಯಾಗ ಕೂಡಾಕ ಬಿಟ್ಟಿದ್ದು. ಇಲ್ಲಂದ್ರ ಮಂದಿ ಹೆಣ್ಮಕ್ಕಳ ಕೈ ನಮ್ಮ ಕೈಯಾಗ ಯಾಕ ಕೊಡ್ತಾರ ಹೇಳ್ರಿ. ಇಪ್ಪತ್ತು ವರ್ಷದಾಗ ಸಾವಿರಾರು ಮಂದಿ ಅಕ್ಕ ತಂಗಿ ಆಗ್ಯಾರ ನನಗ.” ಅವನು ನೆಲ ನೋಡಿದ. “ನಿಮ್ಮ ಕೈ ಒಂದ ಒಂದು ಸಲ ಹಿಡಿದಿದ್ರ, ನೀವೂ ತಂಗಿ ಆಗಿಬಿಡ್ತಿದ್ರಿ. ನನಗ ಅದು ಬ್ಯಾಡಾಗಿತ್ತು. ಅದಕ್ಕ ಹಿಡೀಲಿಲ್ಲ.”

ಕಲಾವತಿ ಅವನಿಗೆ ಅಕ್ಕಾರ. ಗಾರ್ಮೆಂಟ್ಸಿನ ಹುಡುಗಿ ತಂಗಿ. ತನ್ನನ್ನು ಒಂದು ದಿನವೂ ಅವನು ಅಕ್ಕ ಎಂದಿರಲಿಲ್ಲ, ತಂಗಿ ಎಂದಿರಲಿಲ್ಲ. ಲತಾಳಿಗೆ ಈಗ ಹೊಳೆಯಿತು. ಹೊಳೆದ ಕೂಡಲೇ ಕಿವಿ ಬಿಸಿಯಾದವು, ಈ ಸಲ ಸಿಟ್ಟಿಗೆ ಮಾತ್ರ ಅಲ್ಲ.

“ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು ನಿಮಗೆ? ಎರಡು ವಾರ ನಾನು ಬೆಂದುಹೋದೆ. ನನ್ನ ಮುಟ್ಟಿದ್ರೆ ಮೈಲಿಗೆ ಅಂತ ಇರಬೇಕು ಇವರಿಗೂ ಅಂತ.”

“ಗೊತ್ತಾಗಲಿಲ್ರಿ ನನಗ. ನೀವು ಹಂಗ ತಿಳ್ಕೋತೀರಿ ಅಂತ ತಲಿಗೇ ಬರಲಿಲ್ಲ.” ಅವನು ಚೀಲ ಬದಿಗಿಟ್ಟ. “ನಾ ನಿಮ್ಮನ್ನ ಯಾವತ್ತೂ ಆ ಲೆಕ್ಕದಾಗ ನೋಡೇ ಇಲ್ಲ.”

ಅದು ನಿಜವೆಂದು ಲತಾಳಿಗೆ ತಿಳಿಯಿತು. ಆರು ವರ್ಷದಲ್ಲಿ ತನ್ನನ್ನು ಕಂಡು ಮೊದಲು ಆ ಸಂಗತಿ ನೆನೆಯದೆ ಇದ್ದವನು ಇವನೊಬ್ಬ.

“ನಾಳೆ ಮನೀಗೆ ಬಂದು ಅಮ್ಮಾರನ್ನ ಕೇಳ್ಲೇನ್ರಿ?”

“ಅಮ್ಮನ್ನ ಆಮೇಲೆ ಕೇಳಿ. ಎಲ್ಲರೂ ನನ್ನ ಬಿಟ್ಟು ಮಿಕ್ಕವರನ್ನೆಲ್ಲ ಕೇಳ್ತಾರೆ. ಮೊದಲು ನನ್ನ ಕೇಳಿ.”

ಬಾಳೇಶ ಎದ್ದುನಿಂತ. ಅಂಗಿ ಸರಿಮಾಡಿಕೊಂಡ. ಕ್ಲಾಸಿನಲ್ಲಿ ಪಾಠ ಒಪ್ಪಿಸಲು ನಿಂತಾಗಿನ ಹಾಗೆಯೇ ನೆಟ್ಟಗಾದ. “ಲತಾ,” ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ನನ್ನ ಲಗ್ನ ಆಗ್ತೀರೇನು?”

ಅವಳು ಒಂದು ಮೆಟ್ಟಿಲು ಇಳಿದಳು. ಇಬ್ಬರ ಕಣ್ಣೂ ಒಂದೇ ಎತ್ತರಕ್ಕೆ ಬಂದವು.

“ನಿಮ್ಮಜ್ಜ ಬಳೆಗಾರ ಕೈ ಹಿಡಿದ್ರೆ ತಂಗಿ ಅಂದ್ರು. ಬಳೆ ತೊಟ್ಟವಳೇ ಬಳೆಗಾರನ ಕೈ ಹಿಡಿದ್ರೆ?”

ಬಾಳೇಶ ಯೋಚಿಸಿದ. “ಅದನ್ನ ಅಜ್ಜ ಹೇಳಿಲ್ರಿ,” ಎಂದ.

ಲತಾ ಹಸಿರು ಬಳೆಯ ಕೈ ಚಾಚಿ ಅವನ ಕೈ ಹಿಡಿದುಕೊಂಡಳು.